ಮೌಸ್ ನನ್ನ ಕೈಗೆ ಬಂದದ್ದು

ನಕ್ಷೆ ಮುದ್ರಿಸುವ ಪ್ಲಾಟರ್‌ನಿಂದ ಆಗಷ್ಟೇ ಹೊರಬಂದ ದೊಡ್ಡ ಹಾಳೆಗೆ ಒಂದು ವಾಸನೆ ಇರುತ್ತದೆ. ಹೊಸ ಪಠ್ಯಪುಸ್ತಕದ್ದೂ ಅಲ್ಲ, ಗೋಡೆಯ ಬಣ್ಣದ್ದೂ ಅಲ್ಲ, ಎರಡರ ನಡುವಿನದು. ಹೋದ ತಿಂಗಳು ಜಗತ್ ಸರ್ಕಲ್ಲಿನ ಪ್ರಿಂಟ್ ಅಂಗಡಿಯಲ್ಲಿ ನಿಂತು ಆ ವಾಸನೆ ಕುಡಿಯುತ್ತಿದ್ದೆ. ಹೊರಗೆ ಆಟೋಗಳು ಒಂದರ ಮೇಲೊಂದು ಹತ್ತುವಂತೆ ನುಗ್ಗುತ್ತಿದ್ದವು. ಹಾಳೆಯ ಬಲಮೂಲೆಯಲ್ಲಿ ನಕ್ಷೆ ಬರೆದವರ ಹೆಸರಿಗೆಂದು ಒಂದು ಚೌಕವಿರುತ್ತದೆಯಲ್ಲ, ಅದರಲ್ಲಿ ನನ್ನ ಹೆಸರಿತ್ತು. ಇಂಥ ಹಾಳೆ ಎಷ್ಟೋ ಬಂದಿವೆ, ಹೋಗಿವೆ. ಆದರೂ ಪ್ರತಿ ಸಲ ಆ ಮೂಲೆಯನ್ನು ಒಮ್ಮೆ ಓದದೆ ಹಾಳೆ ಸುತ್ತುವುದಿಲ್ಲ. ಚಟ ಅನ್ನಿ, ಸೊಕ್ಕು ಅನ್ನಿ.

ಅಂಗಡಿಯವರು ಕೇಳಿದರು: “ಏನರ ಮಿಸ್ಟೇಕ್ ಅದೇನ್ರೀ ಮೇಡಂ?”

“ಇಲ್ಲರೀ, ಎಲ್ಲಾ ಬರೋಬ್ಬರಿ ಅದ.”

“ಮತ್ತ ಆವಾಗಿಂದ ಒಂದೇ ಮೂಲಿ ನೋಡಾಕತ್ತೀರಲ್ಲ!”

ಅಷ್ಟರಲ್ಲಿ ಫೋನು ಬಂತು. ನಮ್ಮೂರು ಕಮಲಾಪುರದಿಂದ, ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಶಿವಲಿಂಗಪ್ಪ ಮಾಸ್ತರರು. ಊರಿನ ಹುಡುಗ ಹುಡುಗಿಯರಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಸಲು ಒಂದು ವಾರದ ಶಿಬಿರ ಮಾಡುತ್ತಾರಂತೆ, ನಾನೇ ಬಂದು ಕಲಿಸಬೇಕಂತೆ. ನಾನು ಹಿಗ್ಗಿ ಹೂಂ ಅನ್ನುವಷ್ಟರಲ್ಲಿ ಮಾಸ್ತರರು ಸೇರಿಸಿದರು: “ಕಂಪ್ಯೂಟರ್ ಕಮ್ಮಿ ಅವ ನೋಡು. ಒಂದೊಂದಕ್ಕ ಮೂರು ಮೂರು ಮಂದಿ ಕೂಡ್ರಸ್ತೀವಿ. ನಡೀತದಲ್ಲ?”

ಬಾಯಿಗೆ ಬಂದ ಹೂಂ ಅಲ್ಲೇ ನಿಂತಿತು. “ನಾಳೆ ಹೇಳ್ತೀನ್ರೀ ಸರ್” ಎಂದೆ. ಯಾಕೆ ನಿಂತಿತು ಅನ್ನುವುದನ್ನು ನಿಮಗೆ ಹೇಳಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವಳು ನಾನು. ಅದೂ ಮೆಕ್ಯಾನಿಕಲ್ ಇಂಜಿನಿಯರಿಂಗ್. ಅಪ್ಪ ಕಪನೂರಿನ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ಹೊರುತ್ತಿದ್ದ. ಅವ್ವ ಕಮಲಾಪುರದ ಸುತ್ತಲಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ರಿಸಲ್ಟ್ ಬಂದ ದಿನ ಅಪ್ಪ ಓಣಿಯ ತುಂಬ ಹೇಳಿಕೊಂಡು ಬಂದ. ಎದುರು ಮನೆಯ ಗುಂಡಪ್ಪ ಕಾಕಾ ಪೈಪು ಹಿಡಿದೇ ಬಂದ. “ಇಂಜಿನಿಯರ್ ಆಗ್ಯಾಳಂತಲ್ಲ, ನಮ್ಮ ಬೋರಿನ ಮೋಟರ್ ಜರಾ ನೋಡಂತ ಹೇಳು” ಎಂದ. ಅಪ್ಪ ಗಂಭೀರವಾಗಿ, “ಆಕಿ ಮೋಟರ್ ರಿಪೇರಿ ಮಾಡಂಗಿಲ್ಲೋ, ಮೋಟರ್ ಹೆಂಗಿರಬೇಕಂತ ಬರೀತಾಳ” ಎಂದು ಉತ್ತರ ಕೊಟ್ಟ. ಅಪ್ಪನಿಗೆ ಇದನ್ನು ಯಾರು ಹೇಳಿಕೊಟ್ಟರೋ! ಒಳಗೆ ಕುಳಿತಿದ್ದ ನನಗೆ ಮಾತ್ರ ನಿಜ ಗೊತ್ತಿತ್ತು. ನನಗೆ ನಕ್ಷೆ ಬರೆಯಲು ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ಹೀಗೆ. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು. ನಡುವೆ ಕೂಡುತ್ತಿದ್ದವನು ನಮ್ಮ ಬ್ಯಾಚಿನ ಅಭಿಷೇಕ, ಮೌಸ್ ಅವನದು. ಅವನೇನು ಕಸಿದುಕೊಂಡವನಲ್ಲ, ಅವನ ಮನೆಯಲ್ಲಿ ಕಂಪ್ಯೂಟರ್ ಇತ್ತು, ಕೈ ಓಡುತ್ತಿತ್ತು. “ನೀ ಹೇಳಲೇ, ನಾ ಹೊಡೀತೀನಿ” ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಯಾವ ಕಮಾಂಡಿನ ನಂತರ ಯಾವುದು, ಎಲ್ಲಿ ಎಷ್ಟು ಅಳತೆ, ಎಲ್ಲವೂ ಮಗ್ಗಿಯ ಹಾಗೆ ಬಾಯಿಪಾಠ. ಆ ವ್ಯವಸ್ಥೆ ನನಗೂ ಹಿತವಾಗಿತ್ತು. ಮುಟ್ಟಿದರೆ ಕೆಟ್ಟೀತು, ಕೆಟ್ಟರೆ ಯಾರು ಕಟ್ಟಿಕೊಡುವವರು ಎಂಬ ಹೆದರಿಕೆ. ಪರರ ಮನೆಯ ಹಿತ್ತಾಳೆ ಕೊಡವನ್ನೂ ಎರಡು ಕೈಯಲ್ಲಿ ಹಿಡಿ ಎಂದು ಕಲಿತು ಬೆಳೆದ ಮಕ್ಕಳು ನಾವು. ಮೌಖಿಕ ಪರೀಕ್ಷೆಯಲ್ಲಿ ನನ್ನಷ್ಟು ಪಟಪಟನೆ ಉತ್ತರ ಕೊಟ್ಟವರು ಇರಲಿಲ್ಲ.

ಆ ಬಾಯಿಯನ್ನು ನಂಬಿ ಕಪನೂರಿಗೆ ಇಂಟರ್‌ವ್ಯೂಗೆ ಹೋದೆ. ದಾಲ್ ಮಿಲ್ಲುಗಳಿಗೆ ಯಂತ್ರ ಮಾಡಿಕೊಡುವ ಸಣ್ಣ ಕಾರ್ಖಾನೆ. ಮಾಲಕರು ನನ್ನ ಮಾರ್ಕ್ಸ್ ಕಾರ್ಡ್ ಕಡೆ ನೋಡಲೂ ಇಲ್ಲ. ಕಂಪ್ಯೂಟರಿನ ಮುಂದೆ ಕೂಡಿಸಿ, “ಒಂದು ಹಾಪರ್ ಬರೀಯಮ್ಮ” ಎಂದರು. ಹಾಪರ್ ಎಂದರೆ ಮೇಲೆ ಅಗಲ, ಕೆಳಗೆ ಸಣ್ಣದಾಗುತ್ತ ಹೋಗುವ ತಗಡಿನ ಪೆಟ್ಟಿಗೆ, ಮೇಲಿಂದ ಸುರಿದ ತೊಗರಿ ಕೆಳಗಿನ ಬಾಯಿಂದ ಯಂತ್ರಕ್ಕೆ ಇಳಿಯುತ್ತದೆ. ನಾನು ಬಾಯಿಂದ ಒಂದೊಂದೇ ಹೆಜ್ಜೆ ಹೇಳಿಕೊಳ್ಳುತ್ತ ಮೌಸ್ ಹಿಡಿದೆ. ಪರದೆಯ ಮೇಲಿನ ಬಾಣ ಹಗ್ಗ ಬಿಚ್ಚಿದ ಹೋರಿಯಂತೆ ಆ ಕಡೆ ಈ ಕಡೆ ಓಡಿತು. ಗೆರೆ ಎಳೆದದ್ದು ಒಂದು ಕಡೆ, ಬಿದ್ದದ್ದು ಒಂದು ಕಡೆ. ಮಾಲಕರು ಚಹಾ ಮುಗಿಸಿ ಲೋಟ ಕೆಳಗಿಟ್ಟರು.

“ತಂಗಿ, ನಿನ್ನ ಬಾಯಿಗಿ ಭಾಳ ಛಲೋ ಕೆಲಸ ಬರ್ತದ. ಕೈಗಿ ಬರವಲ್ದು. ನಮ್ಮ ಡ್ರಾಫ್ಟ್ಸ್‌ಮನ್ ದೀಪಾವಳಿಗಿ ಬಿಟ್ಟು ಹೊಂಟಾನ. ಅಷ್ಟರಾಗ ಕೈ ಕಲಿಸ್ಕೊಂಡು ಬಾ, ಜಾಗಾ ನಿಂದೇ. ಇಲ್ಲಂದ್ರ ನಾ ಬ್ಯಾರೆಯವರ್ನ ನೋಡ್ಕೋತೀನಿ.”

ಸಂಜೆ ಬಸ್ಸಿನಲ್ಲಿ ಊರಿಗೆ ಬರುವಾಗ ಅತ್ತೆನೋ ಇಲ್ಲವೋ ನೆನಪಿಲ್ಲ. ಅಪ್ಪನಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ನಾನು ಫೇಲಾದರೆ ನಾನೊಬ್ಬಳೇ ಫೇಲಾಗುತ್ತಿರಲಿಲ್ಲ. ಮಗಳನ್ನು ಓದಿಸಿ ಏನು ಗಳಿಸಿದಿ ಎಂದು ಅಪ್ಪನನ್ನು ಕೇಳಲು ಓಣಿ ತುದಿಗಾಲಲ್ಲಿ ನಿಂತಿತ್ತು. ನನ್ನ ಹಿಂದೆ ಓದುತ್ತಿದ್ದ ತಂಗಿಯ ದಾರಿಯೂ ಅಲ್ಲಿಗೇ ಮುಚ್ಚುತ್ತಿತ್ತು.

ಜೇವರ್ಗಿ ಕಾಲೋನಿಯಲ್ಲಿ, ಒಂದು ಟ್ಯೂಷನ್ ಕ್ಲಾಸಿನ ಮಹಡಿಯ ಮೇಲೆ, ಶಾಹೀನ್ ಮೇಡಂ ಎಂಬವರು ಸಣ್ಣ ಸಣ್ಣ ತರಬೇತಿ ಶಿಬಿರ ನಡೆಸುತ್ತಾರೆಂದು ಗೆಳತಿಯೊಬ್ಬಳು ಹೇಳಿದಳು. ಒಂದು ವಾರದ್ದು ಒಂದು ಶಿಬಿರ. ಇಷ್ಟು ವರ್ಷದಲ್ಲಿ ಬಾರದ್ದು ವಾರದಲ್ಲಿ ಬರುತ್ತದೆಯೇ ಎಂದು ಮೂಗು ಮುರಿದುಕೊಂಡೇ ಹೋದೆ. ಇಂಜಿನಿಯರ್ ಅಲ್ಲವೇ ನಾನು!

ಮೊದಲ ದಿನವೇ ನನ್ನ ಕಥೆ ಬಯಲಾಯಿತು. ಎಲ್ಲರಿಗೂ ಒಂದೊಂದು ಕಂಪ್ಯೂಟರ್. ನಾನು ಹೋಗಿ ಕುಳಿತೆ. ಮೇಡಂ ಬಂದು ನನ್ನನ್ನೇ ನೋಡುತ್ತ ನಿಂತರು.

“ಯಾರ್ ಬರೋರ್ ಇದ್ದಾರ?”

“ಯಾರೂ ಇಲ್ಲರೀ ಮೇಡಂ.”

“ಮತ್ತ ಜಾಗಾ ಯಾರಿಗಿ ಬಿಟ್ಟೀದಿ?”

ಆಗ ನೋಡಿಕೊಂಡೆ. ನನಗೆ ಗೊತ್ತಿಲ್ಲದೆಯೇ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಮೇಜಿನ ಬದಿಗೆ ಮುದುಡಿ ಕುಳಿತಿದ್ದೆ. ನಡುವಿನ ಜಾಗ ಖಾಲಿ. ಪರದೆಯ ಎದುರು ಯಾರೋ ಬಂದು ಕೂಡಲಿ, ನಾನು ಬದಿಯಿಂದ ಹೇಳುತ್ತೇನೆ ಎಂಬಂತೆ. ನಾಲ್ಕು ವರ್ಷದ ಕಾಲೇಜು ನನಗೆ ಕೂಡುವುದನ್ನು ಹಾಗೆ ಕಲಿಸಿತ್ತು. ಕುರ್ಚಿಯನ್ನು ನಡುವಿಗೆ ಸರಿಸಿದೆ. ನಕ್ಕವರು ನಕ್ಕರು. ಮೇಡಂ ನಗಲಿಲ್ಲ. “ಹಾಂ, ಅಬ್ ಬೈಠೀ ಛೋರಿ” ಎಂದು, ಈಗ ಸರಿಯಾಗಿ ಕೂತಳು ಹುಡುಗಿ ಅನ್ನುವಂತೆ, ಮುಂದೆ ಹೋದರು.

ಅವರದು ವಿಚಿತ್ರ ಕಲಿಸುವಿಕೆ. ನಾನು ಕಮಾಂಡುಗಳನ್ನು ಗುನುಗಿದರೆ, “ಮೂ ಬಂದ್, ಹಾತ್ ಚಾಲೂ” ಎನ್ನುತ್ತಿದ್ದರು, ಬಾಯಿ ಮುಚ್ಚು, ಕೈ ಆಡಲಿ ಎಂದು. ನಮ್ಮ ಮೌಸನ್ನು ಮಾತ್ರ ತಾವು ಒಮ್ಮೆಯೂ ಮುಟ್ಟಲಿಲ್ಲ. ಎಷ್ಟೇ ತಪ್ಪಲಿ, ಎಷ್ಟೇ ಹೊತ್ತಾಗಲಿ. “ನಾ ಮಾಡಿ ತೋರಿಸಿದ್ರ ನನಗ ಬರ್ತದ, ನಿಮಗಲ್ಲ.” ಎರಡನೆಯ ದಿನವೋ ಏನೋ, ಒಂದು ಮನೆಯ ಚೆಂದದ ನಕ್ಷೆಯನ್ನು ಎಲ್ಲರ ಪರದೆಗೂ ಹಾಕಿಸಿ, “ಈಗ ಇದನ್ನ ಹಾಳ್ ಮಾಡ್ರಿ” ಎಂದರು. ನಾವು ಮುಖ ಮುಖ ನೋಡಿಕೊಂಡೆವು. “ಅರೆ, ಮಾಡ್ರಿ! ಅಳಸ್ರಿ, ತಿರುವ್ರಿ, ಒಡೀರಿ.” ಹೆದರಿ ಹೆದರಿ ಒಂದು ಗೆರೆ ಅಳಿಸಿದೆ. ಆಮೇಲೆ ಇನ್ನೊಂದು. ಆಮೇಲೆ ಮಜಾ ಹತ್ತಿತು, ಗೋಡೆಯೇ ಉಳಿಯಲಿಲ್ಲ. ಕೊನೆಗೆ ಹಿಂದಕ್ಕೆ ಹೋಗುವ ಕೀಲಿ ಒತ್ತಿಸಿದರು. ಒಂದೊಂದೇ ಗೆರೆ ತನ್ನ ಜಾಗಕ್ಕೆ ಮರಳಿ ಬಂತು, ಸಂಜೆ ದನ ಕೊಟ್ಟಿಗೆಗೆ ಬಂದ ಹಾಗೆ. ಅದು ಹಾಗೆ ಮರಳುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಭಿಷೇಕನಿಗೆ ನಾನೇ ಹೇಳಿಕೊಡುತ್ತಿದ್ದೆ. ಆದರೆ ನನ್ನ ಕೈ ಕೆಡಿಸಿದ್ದನ್ನು ನನ್ನ ಕೈಯೇ ಸರಿ ಮಾಡಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಒಡೆದದ್ದು ಒಡೆದೇ ಇರುತ್ತಿತ್ತು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಟೇಪು ಹಿಡಿದು ಕಂಡದ್ದನ್ನೆಲ್ಲ ಅಳೆಯತೊಡಗಿದೆ. ಜೋಳದ ಡಬ್ಬಿ, ಒಲೆ, ಕಿಟಕಿಯ ಸರಳು. ಬರೆದುಕೊಂಡು ಹೋಗಿ ಮರುದಿನ ಕಂಪ್ಯೂಟರಿನಲ್ಲಿ ಎಳೆಯುವುದು. ಅವ್ವನ ನೀರಿನ ಕೊಡದ ಹೊಟ್ಟೆಗೆ ಟೇಪು ಸುತ್ತಿದಾಗ ಅವಳ ಸಹನೆ ಮುಗಿಯಿತು. “ಅದಕ್ಕೇನ್ ಜಂಪರ್ ಹೊಲಸ್ತೀದೇನ? ಬಿಡು ಆ ಕಡೆ, ನೀರಿಗಿ ಹೊತ್ತಾತು.” ಬಸ್ಸಿನಲ್ಲಿ ಕುಳಿತಾಗಲೂ ತೊಡೆಯ ಮೇಲೆ ಮೌಸ್ ಹಿಡಿದ ಹಾಗೆ ಬೆರಳು ಆಡುತ್ತಲೇ ಇರುತ್ತಿದ್ದವು. ಪಕ್ಕದ ಆಯಿಯೊಬ್ಬಳು ಕನಿಕರದಿಂದ, “ಸಣ್ಣ ವಯಸ್ಸಿಗೇ ಕೈ ನಡಗತಾವಲ್ಲವ್ವ” ಎಂದಳು.

ಆ ವಾರ ಮುಗಿಯಿತು. ಮತ್ತೊಂದು ಶಿಬಿರಕ್ಕೆ ಹೆಸರು ಹಚ್ಚಿದೆ. ಅದು ಬರೀ ತಗಡಿನ ಕೆಲಸದ ನಕ್ಷೆಗಳದ್ದು. ವಾರದಲ್ಲಿ ಎಲ್ಲವೂ ಬರುವುದಿಲ್ಲ, ನಿಜ. ಕೈಯ ಹೆದರಿಕೆ ಹೋಗುತ್ತದೆ. ಉಳಿದದ್ದು ಕೈ ತಾನೇ ಹುಡುಕಿಕೊಳ್ಳುತ್ತದೆ.

ದೀಪಾವಳಿಗೆ ಮುಂಚೆ ಕಪನೂರಿಗೆ ಹೋದೆ. ಅದೇ ಕುರ್ಚಿ, ಅದೇ ಮಾತು, “ಹಾಪರ್ ಬರಿ.” ಕುರ್ಚಿಯನ್ನು ನಡುವಿಗೆ ಎಳೆದುಕೊಂಡು ಕುಳಿತೆ. ಅರ್ಧ ಎಳೆದಿರುವಾಗ ಮಾಲಕರು ಬೇಕೆಂದೇ ಮಾತು ಬದಲಿಸಿದರು. “ಮೇಲಿನ ಬಾಯಿ ಸಣ್ಣದಾತು, ದೊಡ್ಡದು ಮಾಡು. ಇಳಿಜಾರು ಕಡಿಮಿ ಆಗಬಾರ್ದು ಮತ್ತ, ತೊಗರಿ ನಿಂತುಬಿಡ್ತಾವ.” ಮೊದಲಾದರೆ ಮೌಸ್ ಬಿಟ್ಟು ಎದ್ದುಬಿಡುತ್ತಿದ್ದೆ. ಅಳಿಸಿದೆ, ಎಳೆದೆ, ಬಾಯಿ ಅಗಲಿಸಿದೆ. ಇಳಿಜಾರು ಉಳಿಯಲೆಂದು ಎತ್ತರ ಹೆಚ್ಚಿಸಿದೆ. ಅಳತೆ ಹಾಕಿದೆ.

“ಅವತ್ತ ಅಷ್ಟ್ ಮಾತಾಡ್ತಿದ್ದಿ. ಇವತ್ತ್ಯಾಕ ಬಾಯಿ ಬಿಡವಲ್ಲಿ?”

“ಕೈ ಖಾಲಿ ಇಲ್ಲರೀ.”

ಅವರು ಜೋರಾಗಿ ನಕ್ಕು ಒಳಗೆ ಕೂಗಿ ಇನ್ನೊಂದು ಚಹಾ ತರಿಸಿದರು. ಅದು ನನಗೆ. ಕೆಲಸ ಸಿಕ್ಕಿತೆಂದು ಗೊತ್ತಾದದ್ದು ಹಾಗೆ.

ನಾನು ಬರೆದ ಮೊದಲ ಹಾಪರು ತಗಡಾಗಿ, ಬೆಸುಗೆಯಾಗಿ, ಬಣ್ಣ ಹಚ್ಚಿಕೊಂಡು ಅಂಗಳದಲ್ಲಿ ನಿಂತ ದಿನ ಅಪ್ಪ ಮಿಲ್ಲಿನ ಪಾಳಿ ಮುಗಿಸಿ ನೋಡಲು ಬಂದ. ಸುತ್ತ ತಿರುಗಿದ. ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಆಮೇಲೆ ಹೊರಗೆ ಗೇಟಿನ ವಾಚ್‌ಮನ್‌ಗೆ, “ಅದು ನೋಡು, ಹಸರು ಬಣ್ಣದ್ದು. ನಮ್ಮದು” ಎನ್ನುವುದು ಕೇಳಿಸಿತು.

ಇಷ್ಟೆಲ್ಲ ನೆನೆದ ಮೇಲೆ ಮಾಸ್ತರರಿಗೆ ಫೋನು ಮಾಡದೆ ಹೇಗಿರಲಿ? “ಬರ್ತೀನ್ರೀ ಸರ್. ಆದ್ರ ಒಂದು ಕಂಪ್ಯೂಟರಿಗಿ ಒಬ್ಬರೇ. ಮಂದಿ ಹೆಚ್ಚಾದ್ರ ಮುಂಜಾನೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಸಂಜಿಗಿ ಉಳಿದೋರು.”

“ನಿನಗ ಮೂರು ಪಟ್ಟು ಒದರಾಟ ಆಗ್ತದಲ್ಲವ್ವ?”

“ಆಗ್ಲಿ ಬಿಡ್ರಿ. ರಜಾ ಹಾಕಿ ಬರ್ತೀನಿ.”

ನಿನ್ನೆ ಶಿಬಿರ ಶುರುವಾಯಿತು. ಗಂಟಲು ಕಟ್ಟಿದೆ, ಕಾಲು ಬಾತಿವೆ. ಕಲಿಸುವುದು ಇಷ್ಟು ಕಷ್ಟವೆಂದು ಶಾಹೀನ್ ಮೇಡಂ ಒಮ್ಮೆಯೂ ಹೇಳಿರಲಿಲ್ಲ. ಸಂಜೆಯ ತಂಡದಲ್ಲಿ ಭಾಗ್ಯಶ್ರೀ ಎಂಬ ಹುಡುಗಿ. ತಂದೆ ಬಾಳೆಯ ತೋಟದಲ್ಲಿ ಕೆಲಸಕ್ಕಿದ್ದಾರೆ, ಅವಳೀಗ ಡಿಪ್ಲೊಮಾ ಕಡೆಯ ವರ್ಷ. ಒಂದು ಬಾಗಿಲಿನ ಚೌಕಟ್ಟು ಬರೆಯಲು ಕೊಟ್ಟಿದ್ದೆ. ಮೇಲಿನ ಗೆರೆ ಪಕ್ಕದ ಗೆರೆಗೆ ಕೂಡದೆ ತಪ್ಪಿ ತಪ್ಪಿ ಹೋಗುತ್ತಿತ್ತು. ಉಳಿದವರೆಲ್ಲ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಬಲಗೈ ಚಡಪಡಿಸಿತು. ಎರಡು ಸಲ ಕ್ಲಿಕ್ ಮಾಡಿದರೆ ಮುಗಿದೇ ಹೋಗುತ್ತದೆ ಎಂದುಕೊಂಡು, ನಿಜ ಹೇಳುತ್ತೇನೆ, ಒಂದು ಹೆಜ್ಜೆ ಮುಂದಿಟ್ಟೇಬಿಟ್ಟೆ.

ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈ ಮಾತ್ರ ನನ್ನ ಕಡೆಗೆ ಅಡ್ಡ ಚಾಚಿದಳು.

“ತಡೀರಿ ಮೇಡಂ. ಬರಬ್ಯಾಡ್ರಿ. ನಾನೇ ಮಾಡ್ತೀನಿ.”

ನಾನು ನಿಂತೆ. ಉಳಿದವರೂ ಚೀಲ ಇಳಿಸಿ ನಿಂತರು.