ಅನುಮೋದಕರು ಯಾರು?

ಗಂಡಸರು ಸಿಗದೆ ಹೋದದ್ದರಿಂದ ನಾನು ಪುರಸಭೆಯ ಅಧ್ಯಕ್ಷನಾದೆ. ಬಹರೈನಿನ ನಮ್ಮ ಕನ್ನಡದವರ ಕೂಟದಲ್ಲಿ ಗಂಡಸರಿಗೇನೂ ಬರವಿಲ್ಲ. ಆದರೆ ಪುಟಗಟ್ಟಲೆ ಮಾತು ಬಾಯಿಪಾಠ ಮಾಡಬೇಕು ಎಂದ ಕೂಡಲೇ ಒಬ್ಬೊಬ್ಬರಿಗೂ ಓವರ್‌ಟೈಮ್ ನೆನಪಾಯಿತು. ನಾಟಕ ಬರೆದವಳು ನಾನೇ ಆದ್ದರಿಂದ ಮಾತೆಲ್ಲ ನನಗೆ ಹೇಗೂ ಬರುತ್ತಿತ್ತು. ಹಗಲು ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿನಲ್ಲಿ ವಿಮೆಯ ಕಡತ ನೋಡುವುದು, ಸಂಜೆಗೆ ಪೇಟ ಕಟ್ಟಿ, ಮೀಸೆ ಅಂಟಿಸಿ ಒಂದು ಪಟ್ಟಣವನ್ನು ಆಳುವುದು. ಐವತ್ತು ದಾಟಿದ ಮೇಲೆ ಇಂಥ ಮಜಾ ಸಿಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಇನ್ನೂ ಬೇಗ ಐವತ್ತು ದಾಟುತ್ತಿದ್ದೆ.

ನಾಟಕ ನನ್ನ ಅಜ್ಜನದು. ಅಂದರೆ ಅಜ್ಜ ಬರೆದದ್ದಲ್ಲ, ಅವರ ಕಾಲದಲ್ಲಿ ನಡೆದದ್ದು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿಬಿದ್ದಿದ್ದ ಮೂವತ್ತರ ದಶಕದಲ್ಲಿ ಅವರು ಕರಾವಳಿಯ ಒಂದು ಸಣ್ಣ ಪಟ್ಟಣದ ಪುರಸಭೆಯ ಸದಸ್ಯರಾಗಿದ್ದರು. ಕೊಬ್ಬರಿಗೆ ಬೆಲೆಯಿಲ್ಲ, ಹಂಚಿನ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆಯಿಲ್ಲ, ಗಾಡಿಯವರು ತೆರಿಗೆ ಕಟ್ಟುವುದನ್ನೇ ಬಿಟ್ಟಿದ್ದಾರೆ. ಆದರೂ ಸಭೆ ಮಾತ್ರ ತಪ್ಪದೆ ಸೇರುತ್ತಿತ್ತು. ಬಾವಿಯ ಹೂಳು, ಮೀನು ಮಾರ್ಕೆಟಿನ ನಾತ, ಬೀದಿನಾಯಿಗಳ ಕಾಟ, ಅಧ್ಯಕ್ಷರ ಕುರ್ಚಿಯ ಮುರಿದ ಕಾಲು, ಇವೇ ಅವರ ರಾಜಕಾರ್ಯಗಳು. ಕುರ್ಚಿಯ ಕಾಲಿನ ಚರ್ಚೆಯೊಂದೇ ಹಲವು ಸಭೆಗಳವರೆಗೆ ಎಳೆಯಿತಂತೆ. ಅಷ್ಟೂ ಸಭೆಗಳಲ್ಲಿ ಅಧ್ಯಕ್ಷರು ಕುರ್ಚಿಯನ್ನು ಗೋಡೆಗೆ ಆನಿಸಿಕೊಂಡು, ಅಲುಗಾಡದೆ ಕೂತು, ಗಾಂಭೀರ್ಯ ಕಾಪಾಡಿಕೊಂಡರು.

ಎಣ್ಣೆ ಉಳಿಸಲೆಂದು ಬೆಳದಿಂಗಳಿರುವ ದಿನ ಬೀದಿ ದೀಪ ಹಚ್ಚಬಾರದು ಎಂದೂ ಅವರು ತೀರ್ಮಾನಿಸಿದ್ದರು. ಮಳೆಗಾಲದಲ್ಲಿ ಹುಣ್ಣಿಮೆ ಬರುವುದು ಪಂಚಾಂಗದಲ್ಲಿ ಮಾತ್ರ, ಮೇಲೆ ನೋಡಿದರೆ ಬರೀ ಮೋಡ. ಕತ್ತಲಲ್ಲಿ ಚರಂಡಿಗೆ ಬಿದ್ದವರು ಬಂದು ದೂರಿದರೆ, ಪಂಚಾಂಗದ ಪ್ರಕಾರ ಆ ಹೊತ್ತಿಗೆ ಚಂದ್ರನಿದ್ದ ಎಂದು ಪುರಸಭೆ ಉತ್ತರ ಕೊಡುತ್ತಿತ್ತು. ಅಜ್ಜ ಇದನ್ನು ಅಭಿನಯಿಸಿ ತೋರಿಸುವಾಗ ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದೆವು.

ಕೊನೆಯ ಭಾಗಕ್ಕೆ ಬಂದಾಗ ಅಜ್ಜ ನಗುತ್ತಿರಲಿಲ್ಲ. ಎಣ್ಣೆ ಉಳಿಸಿಯೂ ಸಾಲದೆ, ದೀಪ ಹಚ್ಚುವವನನ್ನೇ ಕೆಲಸದಿಂದ ತೆಗೆಯುವ ಮಾತು ಬಂತು. ಅವನನ್ನು ಉಳಿಸಿಕೊಳ್ಳಬೇಕು ಎಂದು ಅಜ್ಜ ಎದ್ದು ನಿಂತು ಸೂಚನೆ ಮಂಡಿಸಿದರು. ಸೂಚನೆಗೆ ಇನ್ನೊಬ್ಬರ ಅನುಮೋದನೆ ಬೇಕು, ಇಲ್ಲದಿದ್ದರೆ ಅದು ಮತಕ್ಕೇ ಬರುವುದಿಲ್ಲ. ಅನುಮೋದಕರು ಯಾರು ಎಂದು ಅಧ್ಯಕ್ಷರು ಕೇಳಿದರು. ಯಾರೂ ಏಳಲಿಲ್ಲ. "ಒಬ್ಬ ಎದ್ದಿದ್ರೆ ಸಾಕಿತ್ತು ಮಗಾ, ಒಬ್ಬನೇ ಒಬ್ಬ" ಎಂದು ಅಜ್ಜ ತೀರಾ ಮುದುಕರಾದ ಮೇಲೂ ಹೇಳುತ್ತಿದ್ದರು. ನನ್ನ ನಾಟಕ ಮುಗಿಯುತ್ತಿದ್ದದ್ದು ಆ ಮೌನದಲ್ಲೇ. ನಗಿಸಿ ನಗಿಸಿ ಕೊನೆಗೆ ಎಲ್ಲರನ್ನೂ ಅಳಿಸಿಯೇ ಮನೆಗೆ ಕಳಿಸುತ್ತೇನೆ ಎಂದು ನಾನು ಹಟ ಹಿಡಿದಿದ್ದೆ.

ಅಜ್ಜನ ಪಾತ್ರ ಹಾಜಿಯವರದು. ಗುದೈಬಿಯಾದಲ್ಲಿ ಅವರದೊಂದು ಕೋಲ್ಡ್ ಸ್ಟೋರ್ ಇದೆ. ಹೆಸರು ಕೇಳಿ ಐಸ್‌ಕ್ರೀಮ್ ಅಂಗಡಿ ಎಂದುಕೊಳ್ಳಬೇಡಿ, ಹಾಲು, ಬ್ರೆಡ್ಡು, ತರಕಾರಿ ಮಾರುವ ಬೀದಿಬದಿಯ ಅಂಗಡಿಗೆ ಇಲ್ಲಿ ಹೇಳುವುದೇ ಹಾಗೆ. ಕರಾವಳಿಯ ಬ್ಯಾರಿಗಳು, ಧ್ವನಿ ಗಟ್ಟಿ, ವಾದ ಅವರಿಗೆ ನೀರು ಕುಡಿದಷ್ಟು ಸುಲಭ. ಎದುರು ಪಕ್ಷದ ಸದಸ್ಯನಾಗಿ ಮುಹರ್ರಕ್‌ನಿಂದ ಬರುವ ನರ್ಸ್, ಕೊಂಕಣಿ ಹೆಂಗಸಾದ್ದರಿಂದ ನಮಗೆಲ್ಲ ಅವರು ನರ್ಸ್ ಬಾಯಿ. ಇವರೂ ನನ್ನ ಹಾಗೆ ಮೀಸೆಯವರೇ. ಡ್ಯೂಟಿ ಮುಗಿಸಿ ನೇರ ತಾಲೀಮಿಗೆ ಬರುತ್ತಿದ್ದುದರಿಂದ ಸಭೆಯ ನಡುವೆ ನಿಜವಾಗಿಯೂ ನಿದ್ದೆ ಹೋಗುತ್ತಿದ್ದರು. ಸದಸ್ಯ ಎಂದರೆ ಹೀಗೇ ಇರಬೇಕು ಎಂದು ನಾನು ಆ ನಿದ್ದೆಯನ್ನು ನಾಟಕಕ್ಕೇ ಸೇರಿಸಿಬಿಟ್ಟೆ.

ದೀಪ ಹಚ್ಚುವವನಾಗಿ ನಮ್ಮ ಡ್ರೈವರ್, ಒಬ್ಬ ತುಳು ಹುಡುಗ. ಹುಡುಗ ಎನ್ನುವುದು ನನ್ನ ಬಾಯಿಯ ಅಭ್ಯಾಸ, ಅವನಿಗೆ ನಲವತ್ತರ ಹತ್ತಿರ ವಯಸ್ಸು. ಒಂದು ಕಂಪನಿಯ ವ್ಯಾನ್ ಓಡಿಸುತ್ತಿದ್ದ. ಯಜಮಾನರ ಒಪ್ಪಿಗೆ ಪಡೆದು, ಸಂಜೆ ಅದೇ ವ್ಯಾನಿನಲ್ಲಿ ನಮ್ಮನ್ನೆಲ್ಲ ಮನೆಮನೆಯಿಂದ ತುಂಬಿಕೊಂಡು ತರುತ್ತಿದ್ದ. ಕೂಟದ ಅರ್ಧ ಜನರನ್ನು ಏರ್‌ಪೋರ್ಟಿಗೋ ಆಸ್ಪತ್ರೆಗೋ ಕರೆದುಕೊಂಡು ಹೋದವನೂ ಅವನೇ. ನಾಟಕದಲ್ಲಿ ಮಾತ್ರ ಅವನಿಗೆ ಮಾತಿರಲಿಲ್ಲ. ಏಣಿ ಹೊತ್ತು ಬರಬೇಕು, ದೀಪ ಹಚ್ಚಬೇಕು, ಹೋಗಬೇಕು.

"ಅಕ್ಕ, ನಂಗೂ ಒಂದು ಡೈಲಾಗ್ ಕೊಡಿ. ಅಮ್ಮನಿಗೆ ವಿಡಿಯೋ ಕಳಿಸ್ಲಿಕ್ಕೆ ಉಂಟು."

"ನಿನ್ನ ಮೌನದಲ್ಲೇ ತೂಕ ಇರುದು ಮಾರಾಯ."

"ಅಮ್ಮನಿಗೆ ತೂಕ ಎಲ್ಲ ಗೊತ್ತಾಗುದಿಲ್ಲ ಅಕ್ಕ."

ಆ ವ್ಯಾನಿನಲ್ಲಿ ನಕ್ಕಷ್ಟು ನಾನು ಮದುವೆಯ ಮನೆಯಲ್ಲೂ ನಕ್ಕಿಲ್ಲ. ಒಂದು ಸಂಜೆ ಗೋಂದು ಪರೀಕ್ಷೆ ಮಾಡಲೆಂದು ನಾನೂ ನರ್ಸ್ ಬಾಯಿಯೂ ಮೀಸೆ ಅಂಟಿಸಿಕೊಂಡೇ ಹೊರಟಿದ್ದೆವು. ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಅರಬ್ ಹಿರಿಯರೊಬ್ಬರು ನಮ್ಮನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು, ಕಿಟಕಿ ಇಳಿಸಿ ಸಲಾಂ ಹೇಳಿದರು. ನರ್ಸ್ ಬಾಯಿ ಗಂಭೀರವಾಗಿ ಮೀಸೆ ತಿರುವಿ ವಾಲೇಕುಂ ಸಲಾಂ ಎಂದರು. ಡ್ರೈವರ್ ನಗು ತಡೆಯಲಾರದೆ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ತಾಲೀಮು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಕಂಪನಿ ಬಾಗಿಲು ಹಾಕಿತು. ಆ ವರ್ಷ ಎಲ್ಲ ಕಡೆ ಅದೇ ಕಥೆ. ವ್ಯಾನ್ ಹೋಯಿತು. ವೀಸಾ ಮುಗಿಯುವುದರೊಳಗೆ ಅವನಿಗೆ ಬೇರೆ ಯಜಮಾನ ಸಿಗಬೇಕು, ಇಲ್ಲದಿದ್ದರೆ ಊರಿಗೆ ಟಿಕೆಟ್. ಊರಿನಲ್ಲಿ ಅವನ ಮನೆಗೆ ಗೋಡೆ ಎದ್ದಿತ್ತು, ಮಾಡು ಹಾಕುವುದು ಬಾಕಿ ಇತ್ತು. ಆದರೂ ಆಸಾಮಿ ತಾಲೀಮು ತಪ್ಪಿಸಲಿಲ್ಲ. ಗುದೈಬಿಯಾದ ಗಲ್ಲಿಗಳಲ್ಲಿ ಏಣಿ ಹೊತ್ತು ನಡೆದೇ ಬರುತ್ತಿದ್ದ. ದಾರಿಯಲ್ಲಿ ಯಾರೋ ಪೇಂಟರ್ ಎಂದುಕೊಂಡು ಕೆಲಸಕ್ಕೆ ಕರೆದರಂತೆ. ಒಪ್ಪಿಕೊಳ್ಳಬೇಕಾಗಿತ್ತು ಎಂದು ತಾನೇ ನಗುತ್ತಿದ್ದ.

ನಾನು ಹಾಜಿಯವರ ಅಂಗಡಿಗೆ ಹೋದೆ.

"ಹಾಜಿಯವ್ರೆ, ಮನೆಮನೆಗೆ ಸಾಮಾನು ಮುಟ್ಟಿಸ್ಲಿಕ್ಕೆ ನಿಮಗೆ ಒಬ್ಬ ಡ್ರೈವರ್ ಬೇಡ್ವಾ?"

"ನೋಡುವ ಅಕ್ಕ, ಇನ್ಶಾಅಲ್ಲಾ."

ನಮ್ಮ ಕಡೆಯ 'ನೋಡುವ'ದ ಜೊತೆ ಇಲ್ಲಿನ ಇನ್ಶಾಅಲ್ಲಾ ಸೇರಿತೆಂದರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

"ಸ್ಟೇಜಲ್ಲಿ ಅವನಿಗೋಸ್ಕರ ಗಂಟಲು ಹರಿದುಕೊಳ್ಳುದು ನೀವೇ ಅಲ್ವಾ?"

"ಅದು ನಾಟಕ ಅಲ್ವಾ ಅಕ್ಕ? ಇಲ್ಲಿ ವ್ಯಾಪಾರ ಎಲ್ಲಿ ಉಂಟು ಹೇಳಿ. ಜನ ಈಗ ಎರಡು ಟೊಮೆಟೊ ತಕೊಳ್ಳುವ ಮೊದಲು ಮನೆಗೆ ಫೋನ್ ಮಾಡಿ ಕೇಳ್ತಾರೆ."

ನಾನು ಉರಿಮುಖ ಮಾಡಿಕೊಂಡು ಬಂದೆ. ಆಮೇಲೆ ತಾಲೀಮಿನಲ್ಲಿ ಅವರು ಅಜ್ಜನಾಗಿ ಕಣ್ಣು ಒದ್ದೆ ಮಾಡಿಕೊಂಡು ಮಾತಾಡುವಾಗಲೆಲ್ಲ ನನಗೆ ಪೇಟ ಬಿಚ್ಚಿ ಎಸೆಯಬೇಕೆನಿಸುತ್ತಿತ್ತು. ಆದರೆ ಪಾತ್ರವನ್ನು ಮಾತ್ರ ಎಷ್ಟು ಚೆಂದ ಮಾಡುತ್ತಿದ್ದರು!

ನಾಟಕದ ದಿನ ಶುಕ್ರವಾರ ಸಂಜೆ ಹಾಲ್ ತುಂಬಿತು. ಮಕ್ಕಳು ಕೂಡ ಫೋನ್ ಬಿಟ್ಟು ನಕ್ಕರು. ಪಂಚಾಂಗದ ಚಂದ್ರನಿಗೆ ಚಪ್ಪಾಳೆ, ಕುರ್ಚಿಯ ಕಾಲಿಗೆ ಶಿಳ್ಳೆ, ನರ್ಸ್ ಬಾಯಿಯ ಗೊರಕೆಗಂತೂ ಒನ್ಸ್ ಮೋರ್ ಬಂತು. ಗೊರಕೆಯನ್ನು ಮತ್ತೊಮ್ಮೆ ಹೊಡೆದು ತೋರಿಸಿದ ಕಲಾವಿದೆ ಲೋಕದಲ್ಲಿ ಅವರೊಬ್ಬರೇ ಇರಬೇಕು.

ಮೂರನೆಯ ಸಾಲಿನಲ್ಲಿ ನಮ್ಮ ಕೂಟದ ಹಿರಿಯರೊಬ್ಬರು ಕೂತಿದ್ದರು. ಕೂಟ ಹುಟ್ಟಿದಂದಿನಿಂದ ಪ್ರತಿ ಮಹಾಸಭೆಯಲ್ಲಿ ಪ್ರತಿ ಸೂಚನೆಯನ್ನೂ ಅನುಮೋದಿಸುತ್ತ ಬಂದವರು ಇವರು. ವರದಿಗೆ, ಲೆಕ್ಕಪತ್ರಕ್ಕೆ, ಹೊಸ ಸಮಿತಿಗೆ, ಎಲ್ಲದಕ್ಕೂ ಎದ್ದು ನಿಂತು ಬಲಗೈ ಎತ್ತಿ ಒಂದೇ ಮಾತು. ಒಮ್ಮೆ ಯಾರದೋ ಗೃಹಪ್ರವೇಶದಲ್ಲಿ ಇನ್ನು ಊಟಕ್ಕೆ ಏಳೋಣ ಎಂದದ್ದಕ್ಕೂ ಅನುಮೋದಿಸಿದ್ದರು.

ಕೊನೆಯ ದೃಶ್ಯ ಬಂತು. ಡ್ರೈವರ್ ಏಣಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಹಾಜಿಯವರು ಅಜ್ಜನಾಗಿ ಎದ್ದು, ಇವನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೆಂದು ಈ ಸಭೆಗೆ ಸೂಚಿಸುತ್ತೇನೆ ಎಂದರು. ನಾನು ಪೇಟ ಸರಿಮಾಡಿಕೊಂಡು ಕೇಳಿದೆ, ಅನುಮೋದಕರು ಯಾರು? ಇಡೀ ಹಾಲ್ ಸ್ತಬ್ಧವಾಯಿತು. ಇದೇ ನಾನು ವರ್ಷಗಟ್ಟಲೆ ಕಾದಿದ್ದ ಮೌನ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಆಗಲೇ ಕರವಸ್ತ್ರ ತೆಗೆದಿದ್ದಳು.

"ನನ್ನ ಅನುಮೋದನೆ ಉಂಟು."

ಮೂರನೆಯ ಸಾಲಿನ ಹಿರಿಯರು ಎದ್ದು ನಿಂತು ಬಲಗೈ ಎತ್ತಿದ್ದರು.

ಹಾಲ್ ಒಮ್ಮೆಲೇ ಬಿದ್ದು ಬಿದ್ದು ನಕ್ಕಿತು. ನಗು ಇಳಿಯುವ ಮೊದಲೇ ಹಿಂದಿನಿಂದ ಯಾರೋ "ನಂದೂ ಉಂಟು" ಎಂದರು. ಬಾಗಿಲ ಬಳಿ ನಿಂತವರು ಕೈ ಎತ್ತಿದರು. ಅವನ ವ್ಯಾನಿನಲ್ಲಿ ಹೆರಿಗೆಗೆ ಹೋಗಿದ್ದವಳು ಕೂಸಿನ ಕೈಯನ್ನೂ ಎತ್ತಿ ಹಿಡಿದಳು. ನೋಡನೋಡುತ್ತ ಹಾಲಿನ ತುಂಬ ಕೈಗಳು. ಗಲಾಟೆಗೆ ನರ್ಸ್ ಬಾಯಿ ಕಣ್ಣು ಬಿಟ್ಟು, ವಿಷಯ ಏನೆಂದು ಕೇಳದೆ ತಾವೂ ಕೈ ಎತ್ತಿದರು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತಿದ್ದ ಬೆಂಗಳೂರಿನ ಯುವಕ, "ಮೇಡಂ, ಸ್ಕ್ರಿಪ್ಟಲ್ಲಿ ಇದು ಇಲ್ವೇ ಇಲ್ಲ ಮೇಡಂ" ಎಂದು ಪಿಸುಗುಡುತ್ತಿದ್ದ. ನನ್ನ ದುರಂತ ನಾಟಕ ಕಣ್ಣೆದುರೇ ಮಣ್ಣುಪಾಲಾಗಿತ್ತು. ಬೆವರಿಗೆ ಮೀಸೆಯ ಒಂದು ಕಡೆ ಕಿತ್ತು ಜೋತುಬಿದ್ದಿತ್ತು. ಸಿಟ್ಟು ಬಂತು ಎಂದುಕೊಂಡು ಬಾಯಿ ತೆರೆದರೆ ಹೊರಗೆ ಬಂದದ್ದು ನಗು.

ಅನುಮೋದಕರು ಸಿಕ್ಕ ಮೇಲೆ ಮತಕ್ಕೆ ಹಾಕುವುದು ಅಧ್ಯಕ್ಷನ ಕರ್ತವ್ಯ. ಮೀಸೆಯನ್ನು ಬೆರಳಿನಿಂದ ಒತ್ತಿ ಹಿಡಿದು, ವಿರೋಧ ಇರುವವರು ಹೇಳಬಹುದು ಎಂದೆ. ಯಾರೂ ಹೇಳಲಿಲ್ಲ. ಸೂಚನೆ ಸರ್ವಾನುಮತದಿಂದ ಅಂಗೀಕಾರವಾಗಿದೆ ಎಂದು ಮೇಜು ಕುಟ್ಟಿದೆ. ಮೂಲೆಯಲ್ಲಿದ್ದ ಡ್ರೈವರ್ ನನ್ನನ್ನು ನೋಡಿದ, ಹಾಜಿಯವರನ್ನು ನೋಡಿದ. ಆಮೇಲೆ ತನಗಿಲ್ಲದ ಡೈಲಾಗನ್ನು ತಾನೇ ಹೇಳಿದ.

"ಹಾಗಾದ್ರೆ ದೀಪ ಹಚ್ಚುದಾ ಅಧ್ಯಕ್ಷರೇ?"

"ಹಚ್ಚಪ್ಪ" ಎಂದೆ.

ಹಚ್ಚಿದ. ಪರದೆ ಎಳೆಯಬೇಕಾದವನೂ ಕೈ ಎತ್ತಿ ನಿಂತಿದ್ದರಿಂದ ಪರದೆ ಬೀಳಲಿಲ್ಲ.

ಒಳಗೆ ಬಂದ ಮೇಲೆ ಹಾಜಿಯವರು ಕಚ್ಚೆಪಂಚೆಯಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಅಕ್ಕ, ಇದು ನಿಮ್ಮದೇ ಪ್ಲಾನ್ ಅಲ್ವಾ?"

"ನನ್ನ ನಾಟಕವನ್ನು ನಾನೇ ಹಾಳು ಮಾಡಿಕೊಳ್ತೇನಾ?"

ಹಾಜಿಯವರು ಮುಖದ ಬಣ್ಣ ಒರೆಸಿಕೊಂಡರು. "ಎದ್ದು ನಿಂತು ಇಟ್ಟುಕೊಳ್ಬೇಕು ಅಂತ ಹೇಳಿದವ ನಾನು. ಅಷ್ಟು ಜನರ ಎದುರು ಪಾಸಾಯ್ತು. ನಾಳೆ ಅವ್ರೆಲ್ಲ ಹಾಲು ಬ್ರೆಡ್ಡಿಗೆ ಬರುದು ನನ್ನ ಅಂಗಡಿಗೇ ಅಲ್ವಾ? ಇನ್ನು ಇಲ್ಲ ಹೇಳ್ಲಿಕ್ಕೆ ನಂಗೆ ಮುಖ ಎಲ್ಲಿ ಉಂಟು?" ಆಮೇಲೆ ಡ್ರೈವರ್ ಕಡೆ ತಿರುಗಿದರು. "ನೀನು ನಾಳೆ ಪಾಸ್‌ಪೋರ್ಟ್ ತಕೊಂಡು ಬಾ. ಏಣಿ ಬೇಡ."

ಡ್ರೈವರ್ ಹಾಜಿಯವರ ಕೈ ಹಿಡಿದುಕೊಂಡ. ಈಗ ಅವನು ಅವರ ಅಂಗಡಿಯ ಪುಟ್ಟ ವ್ಯಾನಿನಲ್ಲಿ ನನ್ನ ಮನೆಗೂ ತರಕಾರಿ ತರುತ್ತಾನೆ. ಅಮ್ಮನಿಗೆ ವಿಡಿಯೋ ತುಂಬ ಇಷ್ಟವಾಯಿತಂತೆ.

ಆ ಸಂಜೆ ಚಹಾದ ಹೊತ್ತಿಗೆ ನಾನು ಆ ಹಿರಿಯರನ್ನು ಹುಡುಕಿಕೊಂಡು ಹೋಗಿ, ನಾಟಕದ ನಡುವೆ ಎದ್ದದ್ದು ಯಾಕೆ ಎಂದು ಕೇಳಿದೆ. ಜಗಳಕ್ಕೆಂದೇ ಹೋಗಿದ್ದೆ. ಅವರಿಗೆ ನಾಚಿಕೆಯಾಗಿತ್ತು.

"ಅಭ್ಯಾಸಬಲ ಮಗಳೇ. ಅಧ್ಯಕ್ಷರು ಕೇಳ್ತಾ ಇದ್ದಾರೆ, ಒಬ್ಬನೂ ಏಳುದಿಲ್ಲ. ಆ ಮನುಷ್ಯ ಪಾಪ ಒಬ್ಬನೇ ನಿಂತಿದ್ದಾನೆ. ನಂಗೆ ಕೂತುಕೊಳ್ಳಿಕ್ಕೆ ಆಗ್ಲಿಲ್ಲ."

ಅಜ್ಜನ ವಿಷಯ ಅವರಿಗೆ ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಮತ್ತೆ ಒಳಗೆ ಬಂದು ಕನ್ನಡಿಯ ಮುಂದೆ ಕೂತು ಉಳಿದ ಮೀಸೆಯನ್ನು ಕೀಳುತ್ತ ನಾನು ಜೋರಾಗಿ ಅತ್ತುಬಿಟ್ಟೆ. ಅಜ್ಜ ಕಾದಿದ್ದ ಆ ಒಬ್ಬನೇ ಒಬ್ಬ ಸಮುದ್ರದ ಈಚೆಯ ಒಂದು ಹಾಲಿನಲ್ಲಿ ಎದ್ದು ನಿಂತಿದ್ದ, ಅದನ್ನು ಹೇಳೋಣವೆಂದರೆ ಅಜ್ಜನೇ ಇರಲಿಲ್ಲ. ನರ್ಸ್ ಬಾಯಿ ಓಡಿಬಂದು ಏನಾಯಿತೆಂದು ಕೇಳಿದರು. ಗೋಂದು ಉರಿಯುತ್ತದೆ ಎಂದೆ.