ಬಿಸಿಲಿಗೆ ಬಿಟ್ಟ ಕರಾವಳಿ

2024ರ ಡಿಸೆಂಬರ್‌ನಲ್ಲಿ ಶ್ಯಾಂಟಿಲಿಯ ಮ್ಯಾಪ್ ಅಂಕಲ್ ತೀರಿಕೊಂಡರು. ಬಲಗಣ್ಣಿನ ಸುತ್ತ ಭೂತಗನ್ನಡಿ ಒತ್ತಿ ಒತ್ತಿ ಬಿದ್ದಿದ್ದ ಉಂಗುರದಂಥ ಗುರುತು ಅಂದೂ ಮಾಸಿರಲಿಲ್ಲ.

ಈ ಪರದೇಶದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಹಳೆಯ ಅಚ್ಚಿನ ನಕ್ಷೆಗಳನ್ನು ಕೂಡಿಡುತ್ತಿದ್ದರು: ಜಾವಾ, ಮಡಗಾಸ್ಕರ್, ತಾವು ಕಾಲಿಡದ ದೇಶಗಳು. ನಕ್ಷೆ ಮುಟ್ಟುವ ಮುನ್ನ ಸೋಪು ಹಾಕಿ ಕೈ ತೊಳೆದು, ಒಣಗುವ ತನಕ ಎರಡೂ ಕೈ ಮೇಲೆತ್ತಿ ಕೂರುತ್ತಿದ್ದರು. "ಮುಖ ನೋಡಿ ಮರುಳಾಗಬೇಡ, ಬೆನ್ನು ನೋಡು" ಅನ್ನುತ್ತಿದ್ದರು. ಹಳೆಯ ಹಸಿರು ಬಣ್ಣ ವರ್ಷಗಳು ಕಳೆದಂತೆ ಕಾಗದವನ್ನು ತಿಂದು ಹಿಂಬದಿಗೆ ಕಂದು ಕಲೆಯಾಗಿ ಇಳಿದಿರುತ್ತದೆ. ನಕಲಿನ ಬೆನ್ನು ಬಿಳುಪು.

ಊರಿನದು ಅಂತ ಇದ್ದದ್ದು ಒಂದೇ ನಕ್ಷೆ. ಡಚ್ಚರು ಅಚ್ಚು ಹಾಕಿದ ನಮ್ಮ ಕರಾವಳಿ. ಬಸ್ರೂರಿನ ಪಕ್ಕ ಹುಳು ಕೊರೆದ ಒಂದು ತೂತು. ಚಾರ್ಲ್‌ಸ್ಟನ್‌ನ ಅಂಗಡಿಯೊಂದರಲ್ಲಿ ಆ ಬಸ್ರೂರನ್ನು ಮೊದಲು ಕಂಡವರು ಅವರ ಹೆಂಡತಿ. ಅದು ಅವರ ತವರು. ಆಂಟಿ ಹೋದ ಮೇಲೆ ಅಂಕಲ್ ಬೆಳಗಿನ ಕಾಫಿಯನ್ನು ಆ ಗೋಡೆಯ ಎದುರೇ ಕುಡಿಯುತ್ತಿದ್ದರು.

2022ರ ಯುಗಾದಿ ಸಂಚಿಕೆಗೆ ಸ್ಕ್ಯಾನ್ ಮಾಡಿಸುತ್ತೇನೆಂದು ಪಕ್ಕದ ಆಶ್‌ಬರ್ನ್‌ನಲ್ಲಿದ್ದ ನಮ್ಮ ಕನ್ನಡ ಬಳಗದ ಮುಂದಾಳು ಅದನ್ನು ಫ್ರೇಮ್ ಸಮೇತ ಒಯ್ದರು. ಮರಳಿ ಬಂದದ್ದನ್ನು ಅಂಕಲ್ ನನ್ನೆದುರೇ ಬಿಚ್ಚಿ ತಿರುಗಿಸಿದರು. ಬೆನ್ನು ಬಿಳುಪಾಗಿತ್ತು.

ಅಸಲಿ ಎಲ್ಲಿ ಎಂದು ಅವರು ಕೇಳಿದ್ದು ಒಮ್ಮೆ ಮಾತ್ರ, ಯುಗಾದಿ ಊಟದ ಸಾಲಿನಲ್ಲಿ, ಮೆಲ್ಲಗೆ. ಮುಂದಾಳು ಎಲ್ಲರಿಗೂ ಕೇಳುವಂತೆ ನಕ್ಕರು.

"ವಯಸ್ಸಾಯ್ತು ಅಂಕಲ್ ನಿಮಗೆ. ಮ್ಯಾಪ್ ನಿಮ್ಮ ಗೋಡೆ ಮೇಲೇ ಇದೆ, ಹೋಗಿ ನೋಡ್ಕೊಳ್ಳಿ."

ಸಾಲಿನಲ್ಲಿದ್ದವರೂ ನಕ್ಕರು. ಅಂಕಲ್ ತಟ್ಟೆ ಹಿಡಿದು ಮುಂದೆ ಸರಿದರು.

ಮರುವರ್ಷ ಮುಂದಾಳಿನ ಹೊಸ ಮನೆಯ ಗೃಹಪ್ರವೇಶ. ಹಾಲ್‌ನಲ್ಲಿ ಆ ಕರಾವಳಿ ತೂಗುತ್ತಿತ್ತು. ಅಟ್ಲಾಂಟಾದ ಡೀಲರ್ ಒಬ್ಬರಿಂದ ತಂದದ್ದಂತೆ. ಬಸ್ರೂರಿನ ಪಕ್ಕ ಹುಳುವಿನ ತೂತು ಹಾಗೇ ಇತ್ತು. ನೀರಿರುವ ಚಿತ್ರ ಈಶಾನ್ಯದಲ್ಲಿರಬೇಕೆಂದು ವಾಸ್ತು ನೋಡಿದವರು ಹೇಳಿದ್ದರು. ಎದುರಿಗೆ ಪಶ್ಚಿಮದ ಕಿಟಕಿ, ನೆಲದಿಂದ ಸೂರಿನವರೆಗೆ ಗಾಜು. ಹಳೆಯ ಬಣ್ಣಕ್ಕೆ ಬಿಸಿಲು ವಿಷ. ಅಲ್ಲಿ ಸೇರಿದವರಲ್ಲಿ ಅದನ್ನು ಬಲ್ಲವರು ಅಂಕಲ್ ಒಬ್ಬರೇ. ಜಾಗ ಸರಿಯಿದೆಯಾ ಎಂದು ಮುಂದಾಳು ಅವರನ್ನೇ ಕೇಳಿದರು.

"ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕರ್ಟನ್ ಹಾಕಿ ಕತ್ತಲೆ ಮಾಡಬೇಡಿ" ಎಂದರು ಅಂಕಲ್.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ನಾನು. ಪೊಲೀಸರಿಗೆ ಹೇಳೋಣವೇ ಎಂದೆ.

"ನಾನು ಕೇಳಿ ಆಯ್ತು, ವಯಸ್ಸಾಯ್ತು ಅಂದ. ಇನ್ನು ಬಿಸಿಲು ಕೇಳಲಿ."

ಆಂಟಿಯ ಊರೂ ಅದರಲ್ಲೇ ಇದೆಯಲ್ಲ ಎಂದೆ. ಏರ್‌ಪೋರ್ಟ್ ದಾಟುವಾಗ ಅವರು ತಮ್ಮ ಕಡೆಯ ಗಾಜು ಇಳಿಸಿದರು. ಆಮೇಲೆ, "ಅವಳಿದ್ದಿದ್ದರೆ ಕಿಟಕಿ ಸಣ್ಣದಾಯ್ತು ಅನ್ನುತ್ತಿದ್ದಳು" ಎಂದರು.

ಅಂದಿನಿಂದ ಆ ಮನೆಯ ಒಂದು ಪೂಜೆಯನ್ನೂ ಅವರು ತಪ್ಪಿಸಲಿಲ್ಲ. ಪ್ರಸಾದದ ದೊನ್ನೆ ಹಿಡಿದು ನಕ್ಷೆಯೆದುರು ನಿಲ್ಲುತ್ತಿದ್ದರು. ಮೊದಲು ಹಳದಿ ಬಣ್ಣ ಹೋಯಿತು. ಆಸ್ಪತ್ರೆಯಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ.

"ಗುಲಾಬಿ ಇನ್ನೂ ಉಂಟಾ?"

ಸ್ವಲ್ಪ ಇದೆ ಎಂದೆ.

"ಹೋಗಿ ನೋಡ್ತಾ ಇರು."

ಕಳೆದ ತಿಂಗಳು ಅಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಗುಲಾಬಿ ಹೋಗಿದೆ. ಕಾಗದ ಕಂದಾಗಿದೆ, ಅಚ್ಚಿನ ಕಪ್ಪು ಗೆರೆಗಳು ಉಳಿದಿವೆ. ಬಣ್ಣ ಯಾಕೋ ಮಂಕಾದ ಹಾಗಿದೆ, ಬೇರೆ ಗೋಡೆಗೆ ಹಾಕಲೇ ಎಂದು ಮುಂದಾಳು ನನ್ನನ್ನು ಕೇಳಿದರು. ಅಲ್ಲೇ ಇರಲಿ ಎಂದೆ. ಕಿಟಕಿಗೆ ಇನ್ನೂ ಕರ್ಟನ್ ಹಾಕಿಲ್ಲ.