ಗಂಗಕ್ಕನ ಮಾಳಿಗೆ

ಇಂದು ಎರಡು ಸಲ ವಾಷಿಂಗ್ ಮೆಷಿನ್ ಹಾಕಿದೆ, ಕಸದ ಬಿನ್ ಹೊರಗಿಟ್ಟೆ, ಮಗಳ ಯೂನಿಫಾರಂ ಇಸ್ತ್ರಿ ಮಾಡಿದೆ, ಮಧ್ಯಾಹ್ನ ಪಕ್ಕದ ಮನೆಯ ಗಂಗಕ್ಕನ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿದೆ. ಅವರ ಮೊಣಕಾಲು ಮೆಟ್ಟಿಲಿಗೆ ಒಪ್ಪುತ್ತಿಲ್ಲ. ನಾಳೆ ಲಂಡನ್ನಿನ ಈ ಪಿನ್ನರ್ ಬಡಾವಣೆ ಬಿಟ್ಟು ಫೆಲ್ಥಮ್‌ಗೆ, ತಮ್ಮ ಮಗಳ ಮನೆಗೆ ಹೊರಟಿದ್ದಾರೆ. ಅವರಿಗೆ ಅದಕ್ಕಿಂತ ದೊಡ್ಡ ಚಿಂತೆ, ತಮ್ಮ ಛಾವಣಿ ಇನ್ನು ಖಾಲಿ ಬೀಳುತ್ತದಲ್ಲ ಎಂಬುದು.

ಗಂಗಕ್ಕ ಗದಗಿನವರು, ಮಕ್ಕಳ ಡಾಕ್ಟರಾಗಿ ನಿವೃತ್ತರಾದವರು. ಬಿಳಿ ಗೋಡೆ, ಮೂಲೆಯಲ್ಲಿ ಗುಂಡಗೆ ತಿರುಗುವ ಗಾಜಿನ ಕಿಟಕಿ, ಮೇಲೆ ಬೋಳು ಛಾವಣಿ. ಸುತ್ತಲಿನ ಹೆಂಚಿನ ಮನೆಗಳ ನಡುವೆ ಅವರದು ಟೋಪಿ ಮರೆತು ಬಂದಂತೆ ನಿಂತ ಮನೆ. ಯುರೋಪಿನ ಹೊಸ ವಾಸ್ತುಶಿಲ್ಪ ಈ ದೇಶಕ್ಕೆ ಬಂದ ಮೊದಮೊದಲಲ್ಲಿ ಕಟ್ಟಿದ್ದಂತೆ. ಪಾರಂಪರಿಕ ಕಟ್ಟಡವೆಂದು ಅಲ್ಲಿ ಏನು ಬದಲಿಸಲೂ ಊರಿನ ಕೌನ್ಸಿಲ್ ಅಪ್ಪಣೆ ಬೇಕು.

“ನಮ್ಮ ಗದಗಿನ ಮಾಳಗಿ ಮನೀನ ಇದು, ತಂಗಿ. ಯುರೋಪಿನಾಂವ ಬಂದು ನೋಡಿಕೊಂಡು ಹೋಗ್ಯಾನ. ಇಲ್ಲಾಂದ್ರ ಇಷ್ಟು ಜಾಗಾ ಸಂಡಿಗಿಗಲ್ದ ಮತ್ಯಾಕ ಬಿಡ್ತಿದ್ದ?”

ಒಮ್ಮೆ ಕಟ್ಟಡಪ್ರಿಯರಿಗೆ ಮನೆ ತೋರಿಸುವ ದಿನವೇ ಬಿಸಿಲು ಬಿತ್ತು. ಲಂಡನ್ನಿನ ಬಿಸಿಲನ್ನು ನಾಳೆಗೆಂದು ಬಿಡಲಾದೀತೆ? ಗಂಗಕ್ಕ ಛಾವಣಿ ತುಂಬ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟರು. ಪಾರಿವಾಳಗಳು ಇಳಿದವು. ಬಲೆ ಕಟ್ಟಲು ಕೌನ್ಸಿಲ್ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಪ್ರೊಫೆಸರೊಬ್ಬರು ಒಂದು ಗುಂಪು ಕರೆತಂದರು. ಗಂಗಕ್ಕ ಮೂಲೆಗೊಬ್ಬರನ್ನು ನಿಲ್ಲಿಸಿ, ಪ್ರೊಫೆಸರರ ಕೈಗೆ ಕೊಡೆ ಕೊಟ್ಟರು. ಅವರು ಕೊಡೆ ಬೀಸುತ್ತ, ಮಧ್ಯೆ ಮಧ್ಯೆ “ಹುಶ್” ಎನ್ನುತ್ತ, ಸರಳ ರೇಖೆಗಳ ಸೌಂದರ್ಯ ವಿವರಿಸಿದರು.

“ಛಲೋ ಹೇಳ್ತಾನ,” ಗಂಗಕ್ಕ ನನ್ನ ಕಿವಿಯಲ್ಲಿ ಅಂದರು. “ಆದ್ರ ಕೈ ಇನ್ನೊಂದೀಟು ಮ್ಯಾಲ ಎತ್ತಬೇಕು.”

ಇಂದು ಸಂಜೆ, ಗಂಗಕ್ಕನ ಮನೆ ಕೊಂಡ ಬೆಂಗಳೂರಿನ ಐಟಿ ಹುಡುಗಿ ಕೀಲಿಗೆ ಬಂದಳು.

“ಮ್ಯಾಲ ಏನ್ ಮಾಡ್ತೀಯವಾ?”

“ಯೋಗ, ಆಂಟಿ. ಸೂಪರ್ ವ್ಯೂ!”

“ಸಂಡಿಗಿ?”

“ಅದು ಟೂಟಿಂಗ್‌ನ ಇಂಡಿಯನ್ ಅಂಗಡೀಲಿ ಸಿಗುತ್ತಲ್ಲಾ?”

ಗಂಗಕ್ಕ ಕೀಲಿಯನ್ನು ಸೆರಗಿನೊಳಗೆ ಎಳೆದುಕೊಂಡರು. “ವರ್ಷಕ್ಕೊಂದಿನ ಯೋಗಕ್ಕ ರಜಾ ಕೊಡು. ನಾ ಕೆಳಗ ಹಿಟ್ಟು ಕುದಸ್ತೀನಿ, ನೀ ಮ್ಯಾಲ ಇಡು. ಹೂಂ ಅನ್ನು, ಕೀಲಿ ಕೊಡ್ತೀನಿ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

“ಹೂಂ, ಆಂಟಿ.”

ರಾತ್ರಿ ಗಂಗಕ್ಕನಿಗೂ ನಮ್ಮಲ್ಲೇ ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ. ನಾನು ಹೊದಿಕೆ ತರುವಷ್ಟರಲ್ಲಿ ಗಂಗಕ್ಕ ಸೋಫಾದ ಮೇಲೆ, ಕನ್ನಡಕ ತೆಗೆಯದೆ, ಎಲ್ಲರಿಗಿಂತ ಮೊದಲು ನಿದ್ದೆಹೋಗಿದ್ದರು.